ಶಾರ್ಕ್ ಮೀನಿಗೆ ವಿಜಯನಗರದಿಂದ ಒಂದು ಅಹವಾಲು

ವಿಜಯನಗರ, ಬೆಂಗಳೂರು-೪೦
ಶ್ರಾವಣ ಮಾಸ, ೧೯೮೮

ಅರಬ್ಬೀ ಸಮುದ್ರದ ಆಳದಲ್ಲಿ ಖಾಯಂ ವಾಸವಾಗಿರುವ ಶಾರ್ಕ್ ಮೀನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಕಡೆ ನಾವೆಲ್ಲರೂ ಕ್ಷೇಮವಾಗಿದ್ದೇವೆ. ಆ ಕಡೆ ತಾವೂ, ತಮ್ಮ ಸಾಲು ಸಾಲು ಹಲ್ಲುಗಳೂ, ಮುಖ್ಯವಾಗಿ ತಮ್ಮ ಲಿವರೂ ಕ್ಷೇಮವೆಂದು ನಂಬಿ ಈ ಬಹಿರಂಗ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ತಮಗೆ ನನ್ನ ಪರಿಚಯವಿಲ್ಲ. ತಮ್ಮ ಪರಿಚಯ ಮಾತ್ರ ನನಗೆ ಬೇಕಾದಷ್ಟಿದೆ, ಏಕೆಂದರೆ ತಮ್ಮ ಲಿವರಿನಿಂದ ತೆಗೆದ ಎಣ್ಣೆಯನ್ನು ಜೇನುಬಣ್ಣದ ಮೆತ್ತನೆಯ ಮಾತ್ರೆಗಳಲ್ಲಿ ತುಂಬಿ, ಆ ಮಾತ್ರೆಗಳನ್ನು ಗಾಜಿನ ಸೀಸೆಯಲ್ಲಿ ತುಂಬಿ ನಮ್ಮ ವಿಜಯನಗರದ ಔಷಧಿ ಅಂಗಡಿಯವರೆಗೂ ಕಳಿಸಿಕೊಡುವ ವ್ಯವಸ್ಥೆ ಇದೆ. ಯುಗಾದಿಯಿಂದ ಈಚೆಗೆ ತಾವು ನಮ್ಮ ಮನೆಯ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕದಲ್ಲೇ ನೆಲೆಸಿದ್ದಿರಿ. ಹಾಗಾಗಿ ನಾವು ಒಂದು ರೀತಿಯಲ್ಲಿ ಒಂದೇ ಸೂರಿನ ಕೆಳಗೆ ಬಾಳಿದವರು, ಆ ಸಲಿಗೆಯಿಂದ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಹೆಸರು ಜಗನ್ನಾಥ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಬೋಲ್ಟು ಮಾಡುವ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್. ಇನ್‌ಸ್ಪೆಕ್ಟರ್ ಎಂದೊಡನೆ ತಾವು ಲಾಠಿ, ಟೋಪಿ ಎಂದು ಹೆದರಬೇಕಾಗಿಲ್ಲ. ನನ್ನ ಕೈಯಲ್ಲಿರುವುದು ಎರಡು ಉಕ್ಕಿನ ಉಂಗುರಗಳು ಮಾತ್ರ, ಅದಕ್ಕೆ ಗೇಜು ಎನ್ನುತ್ತಾರೆ. ಮೊದಲನೇ ಉಂಗುರದೊಳಗೆ ಬೋಲ್ಟು ಹೋಗಲೇಬೇಕು, ಎರಡನೆಯದರೊಳಗೆ ಹೋಗಲೇಬಾರದು. ಮೊದಲನೆಯದರಲ್ಲಿ ಹೋಗದಿದ್ದರೆ ಅದು ದಪ್ಪ, ಎರಡನೆಯದರಲ್ಲಿ ಹೋದರೆ ಸಣಕಲು. ಎರಡೂ ಕೆಂಪು ಡಬ್ಬಿಗೆ. ದಪ್ಪ ಬೋಲ್ಟಿನಲ್ಲಿ ಉಕ್ಕು ಜಾಸ್ತಿ ಇದೆಯಲ್ಲ ಸಾರ್ ಎಂದು ಹೊಸದಾಗಿ ಸೇರಿದವರು ಕೇಳಿದಾಗಲೆಲ್ಲ ನಾನು ಕನ್ನಡಕವನ್ನು ಹಣೆಗೇರಿಸಿ, ಜಾಸ್ತಿಯಾದರೂ ರಿಜೆಕ್ಟು, ಕಡಿಮೆಯಾದರೂ ರಿಜೆಕ್ಟು ಎಂದು ಬಹಳ ವರ್ಷಗಳಿಂದ ಬೋಧಿಸುತ್ತ ಬಂದಿದ್ದೇನೆ. ಈ ವಾಕ್ಯವನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನನಗೂ ಪುಟ್ಟಲಕ್ಷ್ಮಿಗೂ ಮದುವೆಯಾಗಿ ಆರು ವರ್ಷ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ತಾಯಿ ಯಶೋದಮ್ಮ, ಹಳೇ ಕೆಂಗೇರಿಯವರು. ಬಸವೇಶ್ವರನಗರದ ಡಾಕ್ಟರ್ ಇಂದ್ರಮ್ಮನವರು ನಮ್ಮಿಬ್ಬರನ್ನೂ ಎಲ್ಲ ಪರೀಕ್ಷೆ ಮಾಡಿಸಿ, ಯಾರಲ್ಲೂ ದೋಷವಿಲ್ಲ, ಸ್ವಲ್ಪ ಕಾಯಿರಿ ಎಂದಿದ್ದರು. ಕಾಯಲು ನಾವು ಸಿದ್ಧರಿದ್ದೆವು, ನೆಂಟರು ಸಿದ್ಧರಿರಲಿಲ್ಲ. ನಮ್ಮಲ್ಲಿ ಯಾರೂ ನೇರವಾಗಿ ಮಗು ಆಗಲಿಲ್ಲವೇ ಎಂದು ಕೇಳುವಷ್ಟು ಒರಟರಲ್ಲ. ಬಹಳ ನಯವಾಗಿ "ಏನಮ್ಮಾ, ಏನೂ ವಿಶೇಷ ಇಲ್ವಾ?" ಎನ್ನುತ್ತಾರೆ. ಗೃಹಪ್ರವೇಶಕ್ಕೆ ಹೋದರೂ ವಿಶೇಷ, ತಿಥಿಯ ಊಟಕ್ಕೆ ಹೋದರೂ ವಿಶೇಷ. ಪುಟ್ಟಲಕ್ಷ್ಮಿ ನಗುತ್ತಲೇ "ಏನಿಲ್ಲ ಚಿಕ್ಕಮ್ಮಾ" ಎಂದು ಹೇಳಿ, ನೀರು ತರುತ್ತೇನೆಂದು ಒಳಗೆ ಹೋಗುತ್ತಿದ್ದಳು, ಬಹಳ ಹೊತ್ತಿನವರೆಗೆ ನೀರು ಬರುತ್ತಿರಲಿಲ್ಲ. ನಾನು ಹೊರಗೆ ಕೂತು ಬೆಂಗಳೂರಿನ ನೀರಿನ ಸಮಸ್ಯೆಯ ಬಗ್ಗೆ ನೆಂಟರೊಡನೆ ಮಾತನಾಡುತ್ತಿದ್ದೆ.

ಇಂಥ ಸಮಯದಲ್ಲಿ ಪ್ಯಾಕಿಂಗ್ ವಿಭಾಗದ ತಿಮ್ಮಯ್ಯ ನನ್ನ ಮೇಲೆ ಕರುಣೆ ತೋರಿದ. ಅವನಿಗೆ ಐದು ಮಕ್ಕಳು, ಆದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ಇಡೀ ಕಾರ್ಖಾನೆಯಲ್ಲಿ ತೂಕವಿತ್ತು. "ಗುರು, ಎ ವಿಟಮಿನ್ ಕೊಡು ಮನೇಲಿ. ಬಿ, ಸಿ, ಡಿ ಎಲ್ಲಾ ಇದಾವೆ, ಆದ್ರೂ ಇದನ್ನೇ ಯಾಕೆ ಮೊದಲು ಇಟ್ಟವ್ರೆ ಹೇಳು" ಎಂದ. ನಾನು ಮೂಲತಃ ವಿಚಾರವಂತ, ಒಬ್ಬರ ಮಾತು ಕೇಳಿ ಕುಣಿಯುವವನಲ್ಲ, ಆದ್ದರಿಂದ ವೈಜ್ಞಾನಿಕ ಆಧಾರ ಹುಡುಕಿದೆ. ಅದು ಕ್ಷೌರದಂಗಡಿಯಲ್ಲಿ ಸಿಕ್ಕಿತು. ಯಾವುದೋ ವಾರಪತ್ರಿಕೆಯ ಆರೋಗ್ಯದ ಪುಟದಲ್ಲಿ, ಮಗು ಬಯಸುವ ಹೆಣ್ಣಿಗೆ ಎ ಜೀವಸತ್ವ ಅತ್ಯಗತ್ಯವೆಂದೂ, ಅದು ಲಿವರಿನಲ್ಲಿ ಹೇರಳವಾಗಿದೆಯೆಂದೂ, ಮೀನಿನ ಲಿವರಿನ ಎಣ್ಣೆಯಲ್ಲಿ ಇನ್ನೂ ಹೇರಳವೆಂದೂ ಅಚ್ಚಾಗಿತ್ತು. ಅದರ ಕೆಳಗಿನ ಪ್ಯಾರಾ "ಆದರೆ" ಎಂದು ಶುರುವಾಗುತ್ತಿತ್ತು. ಅಷ್ಟರಲ್ಲಿ ಅಂಗಡಿಯವನು ಪುಟದ ಆ ಅರ್ಧವನ್ನು ಹರಿದು, ಮುಂದಿನ ಗಿರಾಕಿಯ ಕೆನ್ನೆಯ ನೊರೆಯನ್ನು ಅದಕ್ಕೆ ಒರೆಸಿ ಬುಟ್ಟಿಗೆ ಹಾಕಿದ. ಕಾರ್ಖಾನೆಯಲ್ಲಿ ಬೋಲ್ಟಿನ ಅಳತೆ ಬರೆದ ಡ್ರಾಯಿಂಗಿನ ಮೂಲೆ ಹರಿದಿದ್ದರೂ ಕೆಲಸ ನಿಲ್ಲಿಸುವ ನಾನು, ಆ ನೊರೆಯನ್ನು ನೋಡಿ ತೃಪ್ತಿಯಿಂದ ಎದ್ದು, ನೇರವಾಗಿ ಔಷಧಿ ಅಂಗಡಿಗೆ ಬಂದು ತಮ್ಮನ್ನು ಬರಮಾಡಿಕೊಂಡೆ.

ಸೀಸೆಯ ಮೇಲೆ ದಿನಕ್ಕೊಂದು ಎಂದು ಬರೆದಿತ್ತು. ಅದು ಅವಸರವಿಲ್ಲದವರಿಗೆ ಎಂದು ನಾನು ಅರ್ಥ ಮಾಡಿಕೊಂಡೆ. ಓವರ್‌ಟೈಮ್ ಮಾಡಿದರೆ ಹೆಚ್ಚು ಬೋಲ್ಟು ಬರುವುದಿಲ್ಲವೇ, ಆ ಲೆಕ್ಕದಲ್ಲಿ ಪುಟ್ಟಲಕ್ಷ್ಮಿಗೆ ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ನಿಗದಿ ಮಾಡಿದೆ. ಭಾನುವಾರದಂದು ತಮ್ಮ ಜೊತೆಗಾರರಾಗಿ ಕುರಿಯ ಲಿವರೂ ಬರುತ್ತಿತ್ತು. ಮೆಣಸು ಹಾಕಿ ಹುರಿದ ಆ ಲಿವರಿನಲ್ಲಿ ಅರ್ಧ ನನಗೆ, ಅರ್ಧ ಅವಳಿಗೆ. ಸೊಪ್ಪಿನ ಸಾರು ಮಾಡಿದ ದಿನ "ಇದೇನಿದು, ದನದ ಹಾಗೆ ಬರೀ ಸೊಪ್ಪು" ಎಂದು ನಾನು ಮುಖ ಸಿಂಡರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರ ಮನೆಯ ಹಾಗೆ ಗಂಡಸು ಮೊದಲು ಉಣ್ಣುವುದು, ಹೆಂಗಸರು ಆಮೇಲೆ. ಆದ್ದರಿಂದ ನಾನು ಊಟ ಮುಗಿಸಿ, ಕೈ ತೊಳೆದು, ಅವಳ ತಟ್ಟೆ ಇಡುವ ಜಾಗದಲ್ಲಿ ಒಂದು ಪುಟ್ಟ ಬಟ್ಟಲಿನಲ್ಲಿ ಮಾತ್ರೆಗಳನ್ನಿಟ್ಟು, "ಮರೀಬೇಡ ಕಣೇ" ಎಂದು ಹೇಳಿ ಮೊಪೆಡ್ ಏರುತ್ತಿದ್ದೆ. ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ, ರಾತ್ರಿ ಹಾಗೇ ಇಟ್ಟು ಮಲಗಿ ಬೆಳಿಗ್ಗೆ ನೋಡಿದರೂ ಖಾಲಿ. ಖಾಲಿ ಬಟ್ಟಲು ನೋಡಿ ಮಾತ್ರೆ ಹೊಟ್ಟೆಗೆ ಹೋಯಿತು ಎಂದು ಪಾಸ್ ಮಾಡಿದ ಇನ್‌ಸ್ಪೆಕ್ಟರ್ ನಾನು.

ಅವಳೊಬ್ಬಳಿಗೇ ಏಕೆ ಈ ಕಷ್ಟ ಎಂದು ನಾನೂ ದಿನಕ್ಕೊಂದು ನುಂಗುತ್ತಿದ್ದೆ. ಮಾನ್ಯರೇ, ಸಮುದ್ರದಲ್ಲಿ ತಮ್ಮ ಪರಾಕ್ರಮ ಹೇಗಿದೆಯೋ ತಿಳಿಯದು, ತೇಗಿನಲ್ಲಂತೂ ತಾವು ಅದ್ವಿತೀಯರು. ಮಧ್ಯಾಹ್ನ ಮೂರು ಗಂಟೆಗೆ ನಾನು ಬೋಲ್ಟು ಹಿಡಿದು ಕೂತಿರುವಾಗ ತಾವು ಒಳಗಿನಿಂದ ಎದ್ದು ಬಂದು ಇಡೀ ಇನ್‌ಸ್ಪೆಕ್ಷನ್ ಕೋಣೆಗೆ ತಮ್ಮ ಸಾನ್ನಿಧ್ಯವನ್ನು ತಿಳಿಸುತ್ತಿದ್ದಿರಿ. ಪಕ್ಕದ ಮೇಜಿನ ಸಿದ್ದಬಸಪ್ಪ, ಹುಟ್ಟಾ ಸಸ್ಯಾಹಾರಿ, ತನ್ನ ಕುರ್ಚಿಯನ್ನು ಮೆಲ್ಲಗೆ ಕಿಟಕಿಯ ಕಡೆಗೆ ಎಳೆದುಕೊಂಡು ಹೋಗಿ, ಕೊನೆಗೆ ಬೇರೆ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ. ಅದೇ ಕಾಲದಲ್ಲಿ ನಮ್ಮ ಹಿತ್ತಲಿಗೆ ಬರುತ್ತಿದ್ದ ಬಡಕಲು ಬೆಕ್ಕೊಂದು, ಪುಟ್ಟಲಕ್ಷ್ಮಿ ಅದಕ್ಕೆ ಚೆಲುವಿ ಎಂದು ಹೆಸರಿಟ್ಟಿದ್ದಳು, ನೋಡನೋಡುತ್ತ ತುಂಬಿಕೊಂಡು, ಎಣ್ಣೆ ಹಚ್ಚಿ ಬಾಚಿದ ಹಾಗೆ ಮಿರಮಿರ ಮಿಂಚತೊಡಗಿತು. ವಿಜಯನಗರದಲ್ಲಿ ಇಲಿಗಳು ಹೆಚ್ಚಾಗಿವೆ, ಕಾರ್ಪೊರೇಷನ್ನಿಗೆ ಬರೆಯಬೇಕು ಎಂದು ನಾನು ಮನೆಯಲ್ಲಿ ಹೇಳಿದೆ. ನನ್ನ ತಾಯಿಯೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಹೂಂ, ಬರೀರಿ" ಎಂದರು.

ಆಷಾಢ ಕಳೆಯುವ ಹೊತ್ತಿಗೆ ಪುಟ್ಟಲಕ್ಷ್ಮಿಗೆ ಮುಟ್ಟು ನಿಂತಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿತು. ನಾನು ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಸೈಕಲ್ಲಿನವರೆಲ್ಲ ನಮ್ಮನ್ನು ಹಿಂದೆ ಹಾಕಿ ಹೋಗುವಷ್ಟು ಜೋಪಾನವಾಗಿ ಡಾಕ್ಟರ್ ಇಂದ್ರಮ್ಮನವರಲ್ಲಿಗೆ ಕರೆದೊಯ್ದೆ. ಪರೀಕ್ಷೆ ಆಯಿತು. ಡಾಕ್ಟರು ನಗುತ್ತ ಹೌದು ಎಂದರು. ಆ ಹೌದು ಕೇಳಿದ ಕ್ಷಣದಲ್ಲಿ ನನಗೆ ತಮ್ಮ ನೆನಪಾಯಿತೆಂದರೆ ತಾವು ನಂಬಬೇಕು. ತಮ್ಮ ಭಾವಚಿತ್ರ ಸಿಕ್ಕಿದ್ದರೆ ದೇವರ ಗೂಡಿನಲ್ಲಿಟ್ಟು ಹೂವು ಮುಡಿಸುತ್ತಿದ್ದೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದರೆ ಒಂದು ಮಾತು. ನಾನು ಎದೆಯುಬ್ಬಿಸಿ, ಡಾಕ್ಟರಿಗೆ ನನ್ನ ಎ ವಿಟಮಿನ್ ಯೋಜನೆಯನ್ನು ಆದ್ಯಂತವಾಗಿ ವಿವರಿಸಿದೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ದಿನಾ ನಾಲ್ಕಾ? ಜೊತೆಗೆ ಲಿವರ್ ಬೇರೆ? ಯಾರ್ರೀ ಹೇಳಿದ್ದು ನಿಮಗೆ?" ಎಂದರು. ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದರು: "ನೋಡಿ ಜಗನ್ನಾಥ್, ಎ ವಿಟಮಿನ್ ಬೇಕು, ಇಲ್ಲ ಅನ್ನಲ್ಲ. ಆದ್ರೆ ಲಿವರ್‌ನಲ್ಲಿ, ಮೀನೆಣ್ಣೇಲಿ ಇರೋದು ರೆಡಿಮೇಡ್. ಅದು ಮೈಯಲ್ಲಿ ಶೇಖರ ಆಗುತ್ತೆ. ಜಾಸ್ತಿ ಆದ್ರೆ ಮಗು ಅಂಗಾಂಗ ಮೂಡೋ ಮೊದಲನೇ ವಾರಗಳಲ್ಲೇ ತೊಂದರೆ ಕೊಡಬಹುದು. ಬಸುರಿ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಆ ವಾರಗಳು ಎಷ್ಟೋ ಕಳೆದಿರ್ತವೆ. ಅದಕ್ಕೇ ಮಗು ಬೇಕು ಅಂತ ಇರೋರು ಮೊದಲಿಂದಾನೇ ಹುಷಾರಾಗಿರಬೇಕು. ಸೊಪ್ಪು, ಕ್ಯಾರೆಟ್ಟು, ಸಿಹಿಕುಂಬಳ ತಿಂದ್ರೆ ಮೈ ತನಗೆ ಎಷ್ಟು ಬೇಕೋ ಅಷ್ಟನ್ನ ತಾನೇ ಮಾಡ್ಕೊಳ್ಳುತ್ತೆ."

ಮಾನ್ಯರೇ, ನೊರೆಗೆ ಹೋದ ಆ "ಆದರೆ"ಯ ಉಳಿದ ಭಾಗ ನನಗೆ ಸಿಕ್ಕಿದ್ದು ಹೀಗೆ. ಜಾಸ್ತಿಯಾದರೂ ರಿಜೆಕ್ಟು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು, ನಮ್ಮ ಡ್ರಾಯಿಂಗುಗಳೂ ಹೇಳುತ್ತವೆ, ನಾನೂ ಹೊಸಬರಿಗೆ ಹೇಳುತ್ತೇನೆ. ಆರು ವರ್ಷ ಕಾದು ಬಂದ ಕೂಸಿಗೆ ನನ್ನ ಕೈಯಾರೆ ಏನು ಮಾಡಿಬಿಟ್ಟೆನೋ ಎಂದು ನಾನು ಹೆದರಿಹೋದೆ. ಡಾಕ್ಟರು ಏನೋ ಸಮಾಧಾನ ಹೇಳುತ್ತಿದ್ದರು, ಎಲ್ಲರಿಗೂ ಹಾಗೇ ಆಗುತ್ತದೆಂದಲ್ಲ ಎನ್ನುತ್ತಿದ್ದರು, ನನಗೆ ಒಂದೂ ತಲೆಗೆ ಹೋಗಲಿಲ್ಲ. ನಾನು ಅತ್ತೆ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ, ಆಚೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳಿಸಿದೆ.

ಆಗ ಅದುವರೆಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದ ಪುಟ್ಟಲಕ್ಷ್ಮಿ, ನನ್ನ ಕಡೆ ನೋಡದೆ, "ನಾನು ಒಂದೂ ನುಂಗಿಲ್ಲ ಮೇಡಂ" ಎಂದಳು. ಡಾಕ್ಟರು, ಹಾಗಾದರೆ ನುಂಗಿದವರು ಯಾರು ಎಂದು ಕೇಳಿದರು. "ಬೆಕ್ಕು" ಎಂದಳು. ಭಾನುವಾರದ ಲಿವರು? "ಅದೂ ಬೆಕ್ಕೇ."

ಆಮೇಲೆ ವಿಷಯ ಹೊರಗೆ ಬಂತು. ಹೋದ ದಸರೆಯಲ್ಲಿ ನನ್ನ ತಾಯಿ ಸೊಸೆಯನ್ನು ಕೆಂಗೇರಿಯ ಕಡೆಯ ತಮ್ಮ ಊರ ದೇವಿಯ ಹತ್ತಿರ ಕರೆದುಕೊಂಡು ಹೋಗಿ, ಮನೆಯಲ್ಲಿ ಕೂಸಿನ ಅಳು ಕೇಳುವವರೆಗೆ ಅತ್ತೆ ಸೊಸೆ ಇಬ್ಬರೂ ಮಾಂಸ, ಮೀನು ಬಾಯಿಗಿಡುವುದಿಲ್ಲವೆಂದು ಹರಕೆ ಹೊತ್ತು ಬಂದಿದ್ದರು. ನನಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ, ಯಂತ್ರ ಓಡುವುದು ಗ್ರೀಸಿನಿಂದ, ಬೂದುಗುಂಬಳಕಾಯಿಯಿಂದಲ್ಲ ಎಂದು ಭಾಷಣ ಮಾಡಿ, ಆ ಭಾಷಣವನ್ನು ಮನೆಗೂ ತಂದು ಎರಡನೇ ಸಲ ಮಾಡಿದ ಮಹಾನುಭಾವ ನಾನು. ಹರಕೆಯ ಮಾತೆತ್ತಿದರೆ ಮೂರನೇ ಸಲವೂ ಮಾಡುತ್ತಿದ್ದೆ. ಇತ್ತ ದೇವಿ, ಅತ್ತ ಗಂಡ, ನಡುವೆ ಮಾತ್ರೆ, ಅವಳು ಹಿತ್ತಲ ಬಾಗಿಲು ತೆರೆದು ಚೆಲುವಿಯನ್ನು ಕರೆಯುತ್ತಿದ್ದಳು.

ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ತಿರುಗಿ, "ಇಷ್ಟು ದಿನ ನೀವು ನೋಡ್ಲೇ ಇಲ್ವಾ?" ಎಂದರು. ಉತ್ತರವನ್ನು ಪುಟ್ಟಲಕ್ಷ್ಮಿಯೇ ಕೊಟ್ಟಳು. "ಅವರು ಉಂಡು ಎದ್ದು ಹೋದ ಮೇಲೆ ನಾನು ಉಣ್ಣೋದು ಮೇಡಂ. ಅವರಿಗೆ ಹೆಂಗೆ ಗೊತ್ತಾಗುತ್ತೆ" ಎಂದಳು. ಅದರಲ್ಲಿ ದೂರು ಇರಲಿಲ್ಲ, ನನ್ನನ್ನು ಬಿಡಿಸಿಕೊಳ್ಳಲೆಂದೇ ಅವಳು ಹಾಗೆ ಹೇಳಿದ್ದು. ನನಗೆ ಬಹಳ ನಾಚಿಕೆಯಾಯಿತು. ಊರಿನ ಬೋಲ್ಟನ್ನೆಲ್ಲ ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡುವವನು, ಕಟ್ಟಿಕೊಂಡ ಹೆಂಡತಿಯ ತಟ್ಟೆಯಲ್ಲಿ ಏನಿದೆ ಎಂದು ಮದುವೆಯಾದಾಗಿನಿಂದ ಒಂದು ದಿನವೂ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ, ನಾನು ದೀಪವೂ ಆಗಿರಲಿಲ್ಲ. ಅವಳು ಆ ದಿನಗಳಲ್ಲೆಲ್ಲ ಉಂಡದ್ದು ನಾನು ದನದ ಮೇವೆಂದು ಹಳಿದ ಅದೇ ಸೊಪ್ಪಿನ ಸಾರು, ಮುದ್ದೆ ಮತ್ತು ಹಿತ್ತಲಿನ ನುಗ್ಗೆಸೊಪ್ಪಿನ ಪಲ್ಯ. ಡಾಕ್ಟರು ಅದನ್ನು ಕೇಳಿ, "ಇದನ್ನೇ ಮುಂದುವರಿಸಿಮ್ಮಾ, ಇವರು ತರೋದನ್ನ ಬೆಕ್ಕಿಗೂ ಹಾಕಬೇಡಿ" ಎಂದರು.

ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಕೈಮುಗಿದು, "ನೋಡಪ್ಪಾ, ನಮ್ಮೂರಮ್ಮ ಸುಮ್ನೆ ಹರಕೆ ಹೊರಿಸ್ಕೊಂಡಿದ್ಲಾ?" ಎಂದರು. ವೈದ್ಯವಿಜ್ಞಾನದ ಕಾರಣ ಬೇರೆಯಿದೆ ಎಂದು ನಾನು ಬಾಯಿ ತೆರೆದೆ. ವಿಜ್ಞಾನವನ್ನು ಮನೆಗೆ ತಂದವನು ನಾನು, ಅದರಿಂದ ಮನೆಯನ್ನು ಕಾಪಾಡಿದ್ದು ಹರಕೆ ಎಂಬುದು ನೆನಪಾಗಿ ಮತ್ತೆ ಮುಚ್ಚಿದೆ. ಈ ಬಾರಿಯ ಆಯುಧಪೂಜೆಗೆ ಬೂದುಗುಂಬಳಕಾಯಿ ನನ್ನ ಕಡೆಯಿಂದ ಎಂದು ಫೋರ್‌ಮನ್ನರಿಗೆ ತಿಳಿಸಿದ್ದೇನೆ.

ಈಗ ನನ್ನ ಬೇಡಿಕೆಗಳು. ತಮ್ಮ ಲಿವರು ಶ್ರೇಷ್ಠವಾದದ್ದು, ಅದರಲ್ಲಿ ಎರಡು ಮಾತಿಲ್ಲ, ನನ್ನ ಹೊಟ್ಟೆ ಸಾಕ್ಷಿ. ಆದರೆ ಶ್ರೇಷ್ಠವಾದದ್ದಕ್ಕೆ ಒಂದು ಗೇಜು ಬೇಡವೇ? ಮುಂದಿನ ಸಂತಾನದಿಂದಲಾದರೂ ಲಿವರಿನ ಮೇಲೆಯೇ, ಎಣ್ಣೆ ತೆಗೆದರೂ ಅಳಿಸದ ಹಾಗೆ, "ಮಗು ಬಯಸುವವರು ಡಾಕ್ಟರನ್ನು ಕೇಳತಕ್ಕದ್ದು, ತಿಮ್ಮಯ್ಯನನ್ನಲ್ಲ" ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿಕೊಂಡೇ ಹುಟ್ಟುವ ಏರ್ಪಾಡು ಮಾಡಬೇಕು. ಸಾಧ್ಯವಾದರೆ ತಾವೇ ಒಮ್ಮೆ ನಮ್ಮ ಕ್ಷೌರದಂಗಡಿಗೆ ದಯಮಾಡಿಸಿ, ನೊರೆ ಒರೆಸಲು ಆರೋಗ್ಯದ ಪುಟವನ್ನು ಹರಿಯದೆ ಸಿನಿಮಾ ಪುಟವನ್ನು ಹರಿಯುವಂತೆ ಅಂಗಡಿಯವನಿಗೆ ತಮ್ಮ ಹಲ್ಲುಗಳನ್ನು ತೋರಿಸಿ ಮನವರಿಕೆ ಮಾಡಿಕೊಡಬೇಕು. ಬರುವ ದಾರಿಯಲ್ಲಿ ಸಿದ್ದಬಸಪ್ಪನವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿದರೆ ಉಪಕಾರವಾಗುತ್ತದೆ. ಅವರು ಈಗಲೂ ನನ್ನನ್ನು ಕಂಡರೆ ಕರ್ಚೀಫು ತೆಗೆಯುತ್ತಾರೆ.

ಇನ್ನೊಂದು ಕೋರಿಕೆ ಇದೆ, ಅದು ಸ್ವಲ್ಪ ಗುಟ್ಟಿನದು. ಮೂರು ತಿಂಗಳು ತುಂಬುವವರೆಗೆ ಬಸುರಿನ ವಿಷಯವನ್ನು ಹೊರಗೆ ಬಿಡಬಾರದೆಂದು ನನ್ನ ತಾಯಿಯ ಕಟ್ಟಪ್ಪಣೆ. ಹಾಗಾಗಿ ಇದು ಬಹಿರಂಗ ಪತ್ರವಾದರೂ ಸದ್ಯಕ್ಕೆ ಯಾರೂ ಓದತಕ್ಕದ್ದಲ್ಲ. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ, ವಿಶೇಷ ಏನು ಎಂದು ಒಮ್ಮೆಯೂ ಕೇಳದವರು ಈ ಭೂಮಂಡಲದಲ್ಲಿ ತಾವೊಬ್ಬರೇ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ. ವಿಶೇಷ ಇದೆ ಸ್ವಾಮಿ. ತುಂಬಾ ಇದೆ. ನನಗೆ ಭಯವೂ ಇದೆ. ಅವಳು ಕೊಡ ಎತ್ತಿದರೆ ಭಯ, ಸೀನಿದರೆ ಭಯ. ಈ ಕೂಸು ನನ್ನ ತಿಳಿವಳಿಕೆಯಿಂದ ಬಂದದ್ದಲ್ಲ, ಅದನ್ನು ಮೀರಿ ಬಂದದ್ದು ಎಂದು ನೆನೆದಾಗ ಮಾತ್ರ ಸ್ವಲ್ಪ ಧೈರ್ಯ ಬರುತ್ತದೆ.

ಈಗ ನಾವು ಮೂವರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. "ಎಲ್ಲಾ ಒಟ್ಟಿಗೆ ಕೂತ್ರೆ ಬಡಿಸೋರು ಯಾರೋ?" ಎಂದು ತಾಯಿ ಮೊದಲ ದಿನ ಗೊಣಗಿದರು. ನಾನೇ ಬಡಿಸಿದೆ. ಮುದ್ದೆಯ ಮೇಲೆ ಸಾರು ಬೀಳುವ ಬದಲು ಚಾಪೆಯ ಮೇಲೆ ಬಿತ್ತು. ಪುಟ್ಟಲಕ್ಷ್ಮಿ ಸಾರಿನೊಳಗಿನ ಬೆಳ್ಳುಳ್ಳಿಯನ್ನೆಲ್ಲ ಬದಿಗಿಟ್ಟುಕೊಂಡು ಕೊನೆಗೆ ಒಂದೊಂದಾಗಿ ತಿನ್ನುತ್ತಾಳೆ, ಆಸೆಯಿಂದ. ಇಷ್ಟು ವರ್ಷ ಅದೇ ಸಾರಿನ ಬೆಳ್ಳುಳ್ಳಿಯನ್ನು ನಾನು ಆರಿಸಿ ತಟ್ಟೆಯ ಅಂಚಿಗೆ ಎಸೆಯುತ್ತಿದ್ದೆ. ಈಗ ಅವಳ ತಟ್ಟೆಗೆ ಹಾಕುತ್ತೇನೆ.

ತಮ್ಮ ಲಿವರಿಗೆ ದೀರ್ಘಾಯುಷ್ಯವನ್ನೂ, ಅದು ತಮ್ಮ ಹೊಟ್ಟೆಯಲ್ಲೇ ಉಳಿಯುವ ಭಾಗ್ಯವನ್ನೂ ಹಾರೈಸುತ್ತ,

ಕೆಂಪು ಡಬ್ಬಿಗೆ ಬೀಳಬೇಕಾಗಿದ್ದು ಹೇಗೋ ಪಾಸಾದ
ತಮ್ಮ ವಿಶ್ವಾಸಿ,
ಜಗನ್ನಾಥ

ಮರೆತ ಮಾತು: ಚೆಲುವಿ ಮೊನ್ನೆ ನನ್ನ ಯೂನಿಫಾರಂ ಇಡುವ ಪೆಟ್ಟಿಗೆಯಲ್ಲಿ ನಾಲ್ಕು ಮರಿ ಹಾಕಿದೆ. ದೇವರ ದಯೆಯಿಂದ ನಾಲ್ಕೂ ನೆಟ್ಟಗಿವೆ. ತಿಮ್ಮಯ್ಯ ಇದನ್ನು ಕೇಳಿ, "ನಾನ್ ಹೇಳ್ಲಿಲ್ವಾ ಗುರು, ಎ ವಿಟಮಿನ್" ಎಂದು ಕಾರ್ಖಾನೆಯ ತುಂಬ ಸಾರುತ್ತಿದ್ದಾನೆ. ದೇವಿಯ ಕೃಪೆಯಿದ್ದರೆ ಬೇಸಿಗೆ ಕಳೆಯುವ ಮುಂಚೆ ನಮ್ಮಲ್ಲೊಂದು ನಾಮಕರಣ ಆಗುತ್ತದೆ, ತಾವು ಸಕುಟುಂಬರಾಗಿ ಬರಬೇಕು. ಬರುವಾಗ ಲಿವರನ್ನು ದಯವಿಟ್ಟು ಸಮುದ್ರದಲ್ಲೇ ಬಿಟ್ಟು ಬರತಕ್ಕದ್ದು. ಊಟಕ್ಕೆ ಬೇರೆ ಪಂಕ್ತಿ ಎಂದು ಕಾಯಬೇಕಾಗಿಲ್ಲ, ನಮ್ಮ ಜೊತೆಯಲ್ಲೇ ಕೂರಿಸುತ್ತೇವೆ. ನಮ್ಮ ಮನೆಯಲ್ಲಿ ಈಗ ಯಾರ ತಟ್ಟೆಯಲ್ಲಿ ಏನಿದೆ ಎಂದು ನಾನು ಕಣ್ಣಾರೆ ನೋಡುತ್ತೇನೆ.